ಗಾಳಿಸದ ಗಾಳಿ

ಶೇಡಬಾಳದ ಮಗದುಮ್ಮರ ಮನೆಗೆ ಯಾರೇ ಬರಲಿ, ಸೊಸೆ ಸುಗಂಧಾ ಮೊದಲು ನೋಡುವುದು ಅವರ ಮುಖವನ್ನಲ್ಲ, ಕಾಲನ್ನು. ಕೂಸು ನೋಡಲು ಬಂದ ಬೀಗರಿರಲಿ, ಕರೆಂಟ್ ಬಿಲ್ಲಿನವನಿರಲಿ, ಸ್ವತಃ ಮಾವನೇ ಇರಲಿ, ಹೊಸ್ತಿಲಲ್ಲಿ ಅವಳ ಕಣ್ಣು ಕೆಳಗೇ. ಚಪ್ಪಲಿ ಎಲ್ಲಿ ಬಿಟ್ಟರು, ಹಿಮ್ಮಡಿಗೆ ಏನು ಮೆತ್ತಿದೆ, ಮೆಟ್ಟಿಲ ಬಳಿ ಹಾಸಿದ ಹಸಿ ಗೋಣಿತಟ್ಟಿನ ಮೇಲೆ ಕಾಲು ಒರೆಸಿಕೊಂಡರೋ, ಇಲ್ಲ ಅದನ್ನು ದಾಟಿ ಬಂದರೋ. ದಾಟಿಯೇ ಬರುತ್ತಾರೆ. ಹಸಿ ತಟ್ಟು ತುಳಿದರೆ ಕಾಲು ಒದ್ದೆಯಾಗುತ್ತದಲ್ಲ! ‘ಬರ್ರಿ, ಕೂಡ್ರಿ’ ಎನ್ನುವ ಅವಳ ಬಾಯಿ ನಗುತ್ತಲೇ ಇರುತ್ತದೆ, ಒಳಗೆ ಹಲ್ಲು ಕಚ್ಚಿರುತ್ತಾಳೆ. ಓಣಿಯ ಹೆಂಗಸರು ಅವಳಿಗೆ ‘ಧೂಳಿನ ಬಾಯಿ’ ಎಂದು ಹೆಸರಿಟ್ಟಿದ್ದಾರೆ. ಅದು ಅವಳಿಗೂ ಗೊತ್ತು.

ಮದುವೆಯಾಗಿ ಬಂದಾಗ ಅವಳು ಹೀಗಿರಲಿಲ್ಲ. ದೂಧಗಂಗಾ ದಂಡೆಯ ಸದಲಗಾದ ಹುಡುಗಿ. ಅಪ್ಪನಿಗೆ ಒಂದಷ್ಟು ಎಮ್ಮೆ, ಸ್ವಲ್ಪ ಕಬ್ಬು. ಚಿಕ್ಕೋಡಿಯಲ್ಲಿ ಬಿ.ಕಾಂ. ಮುಗಿಸಿ, ಮದುವೆಯಾಗುವವರೆಗೂ ಊರಿನ ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವ ಮಶೀನಿನ ಮುಂದೆ ಕೂತವಳು. ಕ್ಯಾನಿನ ಬಾಯಿಗೆ ನೊಣ ಕೂತರೆ ಎದ್ದು ಓಡಿಸುತ್ತಿದ್ದಳು, ಅಷ್ಟೇ. ಅದಕ್ಕಿಂತ ಹೆಚ್ಚು ಸಿಟ್ಟು ಮಾಡುವ ಪ್ರಸಂಗ ಅವಳಿಗೆ ಬಂದಿರಲಿಲ್ಲ. ಗಂಡ ಸನ್ಮತಿ ಶೇಡಬಾಳದಲ್ಲಿ ದ್ರಾಕ್ಷಿ ತೋಟ ನೋಡಿಕೊಳ್ಳುವವನು. ಒಳ್ಳೆಯ ಮನುಷ್ಯ, ಯಾರಿಗೂ ಎದುರು ಮಾತಾಡುವುದಿಲ್ಲ. ಯಾರಿಗೂ ಎಂದರೆ ಅವ್ವನಿಗೂ ಇಲ್ಲ, ಅಪ್ಪನಿಗೂ ಇಲ್ಲ, ಹೆಂಡತಿಗೂ ಇಲ್ಲ, ಗಾರೆ ಕೆಲಸದ ಗೌಂಡಿಗೂ ಇಲ್ಲ. ಅಂಥವನನ್ನು ಕಟ್ಟಿಕೊಂಡು ಸುಖವಾಗಿರಬಹುದು, ಮನೆಯಲ್ಲಿ ಗೌಂಡಿ ಕೆಲಸ ನಡೆಯದಿದ್ದರೆ.

ಗೌಂಡಿ ಕೆಲಸ ಶುರುವಾದದ್ದು ಕೂಸಿನ ಸಲುವಾಗಿಯೇ. ಸುಗಂಧಾ ಹೆರಿಗೆಗೆ ತವರಿಗೆ ಹೋಗಿದ್ದಳು. ಹೆಣ್ಣುಕೂಸು ಹುಟ್ಟಿತೆಂಬ ಸುದ್ದಿ ಶೇಡಬಾಳ ಮುಟ್ಟಿದ್ದೇ ತಡ, ಮಾವ ಭಾವುಸಾಹೇಬರು ಊರ ತುಂಬ ಪೇಢೆ ಹಂಚಿದರು. ಆ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿ ಎರಡು ತಲೆಮಾರು ಕಳೆದಿತ್ತು. ಪೇಢೆ ಹಂಚಿ ಬಂದವರು ಪಡಸಾಲೆಯ ನೆಲ ನೋಡಿದರು. ಅಜ್ಜನ ಕಾಲದ ಶಹಾಬಾದ್ ಫರಸಿ ಕಲ್ಲು ಅಲ್ಲಲ್ಲಿ ಒಡೆದು ಏರುತಗ್ಗಾಗಿತ್ತು. ಮರುದಿನವೇ ಗೌಂಡಿ ಸತ್ತೆಪ್ಪನನ್ನು ಕರೆಸಿದರು.

“ಈ ಫರಸಿ ಕೂಸಿನ ಮೊಳಕಾಲಿಗೆ ಚುಚ್ಚತಾವ. ನೆಲ ಕನ್ನಡಿ ಆಗಬೇಕ ನೋಡ ಸತ್ತೆಪ್ಪಾ. ನನ್ನ ಮೊಮ್ಮಗಳು ಅಂಬೆಗಾಲ ಇಡೂದ್ರಾಗ ತನ್ನ ಮಾರಿ ತಾನ ನೆಲದಾಗ ನೋಡಕೋಬೇಕು” ಎಂದರು.

ನೆಲ ಕಿತ್ತರೆ ಗೋಡೆಯ ಬುಡ ಬಿಡುತ್ತದೆ, ಗೋಡೆ ಮುಟ್ಟಿದರೆ ಮಣ್ಣಿನ ಗಿಲಾವು ಉದುರುತ್ತದೆ, ಗಿಲಾವು ಹೊಸದಾದರೆ ಮೇಲೆ ಪುಟ್ಟಿ ಬಳಿಯಬೇಕಾಗುತ್ತದೆ, ಪುಟ್ಟಿ ಬಳಿದ ಮೇಲೆ ಅದನ್ನು ಪಾಲಿಶ್ ಪೇಪರಿನಿಂದ ಉಜ್ಜದೆ ಬಣ್ಣ ಕೂರುವುದಿಲ್ಲ. ಹೀಗೆ ಒಂದು ಕೂಸಿನ ಎರಡು ಮೊಣಕಾಲಿನಿಂದ ಹೊರಟ ಕೆಲಸ ಮನೆಯ ಸೂರಿನವರೆಗೂ ಏರಿತು. ಪ್ರೀತಿಯಿಂದ ಎಬ್ಬಿಸಿದ ಧೂಳಿಗೆ ಬೈಯಲಿಕ್ಕೂ ಬಾಯಿ ಬರುವುದಿಲ್ಲ. ಸುಗಂಧಾಳ ಸಿಟ್ಟು ಅರ್ಧ ಅದಕ್ಕೇ.

ಐದನೆಯ ತಿಂಗಳು ಬಾಣಂತಿ ಗಂಡನ ಮನೆಗೆ ಬರಬೇಕು. ಅತ್ತೆ ಕಾಶಿಬಾಯಿ ಸದಲಗಾಕ್ಕೆ ಫೋನ್ ಮಾಡಿ, “ಕೆಲಸ ಎಲ್ಲಾ ಮುಗದೈತ್ರಿ, ಕಳಸರ್ರಿ” ಎಂದು ಬೀಗರಿಗೆ ಹೇಳಿದರು. ಸುಗಂಧಾ ಕೂಸು ಅಪೂರ್ವಳನ್ನು ಎತ್ತಿಕೊಂಡು ಕಾರಿನಿಂದಿಳಿದು ನೋಡಿದರೆ ಅಂಗಳದಲ್ಲಿ ಉಸುಕಿನ ಗುಡ್ಡೆ, ಹಿಂದಿನ ಖೋಲಿಯಲ್ಲಿ ಸಿಮೆಂಟ್ ಚೀಲ, ಅಡುಗೆಮನೆಯ ಅರ್ಧ ನೆಲ ಹೊಸದು, ಅರ್ಧ ಹಳೆಯದು, ದೇವರ ಖೋಲಿಗೆ ಬಾಗಿಲೇ ಇಲ್ಲ. ಬಾಗಿಲನ್ನು ಪಾಲಿಶ್ ಮಾಡಲು ಕಳಚಿದ್ದಾರಂತೆ. ಪಡಸಾಲೆ ಮಾತ್ರ ಮುಗಿದಿತ್ತು. ನೆಲ ನಿಜಕ್ಕೂ ಕನ್ನಡಿಯೇ. ಅವಳು ಬಗ್ಗಿ ಬೆರಳಾಡಿಸಿದಳು. ಬಿಳಿ ಧೂಳಿನಲ್ಲಿ ಬೆರಳಿನ ಗೆರೆ ಉದ್ದಕ್ಕೆ ಮೂಡಿತು. ಮೈದಾಹಿಟ್ಟಿಗಿಂತ ಸಣ್ಣ ಧೂಳು ಅದು. ಕೈಗೆ ಹತ್ತಿದರೆ ಬಿಡುವುದಿಲ್ಲ, ಊದಿದರೆ ನೆಲ ಬಿಟ್ಟು ಗಾಳಿಗೆ ಹೋಗುತ್ತದೆ, ಗಾಳಿಯಿಂದ ಮತ್ತೆ ನೆಲಕ್ಕೇ ಬರುತ್ತದೆ.

“ಮುಗದೈತಿ ಅಂದ್ರಲ್ರಿ ಅತ್ಯಾರ?”

“ಮುಗದಂಗನ ಐತೆವಾ. ಇನ್ನ ಕಡೀ ಕೈ ಒಂದ ಉಳದೈತಿ” ಎಂದರು ಕಾಶಿಬಾಯಿ.

ಈ ‘ಕಡೀ ಕೈ’ ಎನ್ನುವುದು ಸತ್ತೆಪ್ಪನ ಮಾತು. ಗೋಡೆಗೆ ಕೊನೆಯ ಸಲ ಕೈಯಾಡಿಸುವುದು ಎಂದು ಅದರ ಅರ್ಥ. ಆದರೆ ಸತ್ತೆಪ್ಪನ ಕೈಗಳಿಗೆ ಲೆಕ್ಕವಿರಲಿಲ್ಲ. ಪಡಸಾಲೆಗೆ ಒಂದು ಕಡೀ ಕೈ, ಅದು ಒಣಗಿ ಸೀಳು ಬಿಟ್ಟರೆ ಇನ್ನೊಂದು ಕಡೀ ಕೈ, ದೇವರ ಖೋಲಿಗೆ ಬೇರೆ ಕಡೀ ಕೈ. ಒಂದು ವಾರ ಬರುತ್ತಾನೆ, ಆಮೇಲೆ ಕಾಗವಾಡದಲ್ಲಿ ಇನ್ನೊಬ್ಬರ ಮನೆಯ ಕಡೀ ಕೈ ಹಚ್ಚಲು ಹೋಗುತ್ತಾನೆ, ಮತ್ತೆ ಬರುತ್ತಾನೆ. ಅವನು ಬರದಿದ್ದರೆ ಕೆಲಸ ಮುಗಿಯುವುದಿಲ್ಲ, ಬಂದರೆ ಧೂಳು ಮುಗಿಯುವುದಿಲ್ಲ. ಅವನು ಬರಲಿ ಎಂದು ಹಾರೈಸಬೇಕೋ ಬಾರದಿರಲಿ ಎಂದು ಹಾರೈಸಬೇಕೋ ಸುಗಂಧಾಳಿಗೆ ತಿಳಿಯುತ್ತಿರಲಿಲ್ಲ.

ಆಯಿತು, ಒರೆಸಿಕೊಂಡಾದರೂ ಇರೋಣ ಎಂದು ಸೆರಗು ಸಿಕ್ಕಿಸಿದಳು. ಒರೆಸಲು ಬಿಟ್ಟರೆ ತಾನೆ!

ಕಾಶಿಬಾಯಿ ಕೆಟ್ಟವರಲ್ಲ. ತೊಂದರೆಯೇ ಅದು. ಕೆಟ್ಟವರಾಗಿದ್ದರೆ ಸುಗಂಧಾ ಒಂದು ದಿನ ಕೂಗಾಡಿ ಮುಗಿಸಿಬಿಡುತ್ತಿದ್ದಳು. ಕಾಶಿಬಾಯಿ ನಡೆಯುವಾಗ ಇರುವೆ ಸಾಲು ಕಂಡರೆ ಸುತ್ತು ಬಳಸಿ ಹೋಗುವವರು. ಕರಿಬೇವಿನ ಹುಳುವನ್ನು ಎಲೆ ಸಮೇತ ಬೇರೆ ಗಿಡಕ್ಕೆ ದಾಟಿಸುವವರು. ದಿನವೂ ಬಾವಿಯ ನೀರನ್ನು ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ಸೋಸಿ ಗಾಳಿಸಿ, ಕಣ್ಣಿಗೆ ಕಾಣದ ಜೀವವೂ ಸಾಯಬಾರದೆಂದು ಆ ಬಟ್ಟೆಯನ್ನು ತಿರುಗುಮುರುಗು ಮಾಡಿ ಅದ್ದಿ, ಆ ನೀರನ್ನು ಮತ್ತೆ ಬಾವಿಗೇ ಬಿಡುವವರು. ಗಾಳಿಸದ ನೀರು ಆ ಜೈನರ ಮನೆಯಲ್ಲಿ ಯಾರ ಗಂಟಲಲ್ಲೂ ಇಳಿದದ್ದಿಲ್ಲ. ಇಂಥವರಿಗೆ ಏನೆಂದು ಬೈಯುವುದು?

ಅವರ ನೇಮಗಳು ಹೀಗಿದ್ದವು. ಮನೆಯಿಂದ ಯಾರಾದರೂ ಹೊರಬಿದ್ದ ಕೂಡಲೇ ನೆಲ ಒರೆಸಬಾರದು, ಅದು ಹೆಣ ಹೋದ ಮನೆಯ ರೀತಿ. ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದು, ಲಕ್ಷ್ಮಿ ಹೊರಗೆ ಹೋಗುತ್ತಾಳೆ. ಕೂಸು ನೋಡಲು ದಿನವಿಡೀ ಒಬ್ಬರಲ್ಲ ಒಬ್ಬರು ಬರುತ್ತಿದ್ದರು, ಒಬ್ಬರಲ್ಲ ಒಬ್ಬರು ಹೊರಬೀಳುತ್ತಿದ್ದರು. ಇಬ್ಬರು ಹೊರಬೀಳುವ ನಡುವಿನ ಸಂದಿನಲ್ಲಿ ಸುಗಂಧಾ ಬಟ್ಟೆ ಹಿಡಿದು ಕೂತು ಕಾಯಬೇಕು. ಎಲ್ಲಕ್ಕಿಂತ ದೊಡ್ಡ ನೇಮ ಇನ್ನೊಂದಿತ್ತು. ಕಸ ಹೊಡೆಯದೆ ಹಸಿ ಬಟ್ಟೆ ಆಡಿಸುವಂತಿಲ್ಲ.

“ಮೊದಲ ಹಗೂರಕ ಕಸಾ ಹೊಡದ, ಇರಿವಿ ಗಿರಿವಿ ಇದ್ರ ಸರಿಸಿ, ಆಮ್ಯಾಲ ಒರಸಬೇಕವಾ. ನೀ ಒಮ್ಮಿಗಿಲೇ ಹಸೀ ಬಟ್ಟಿ ಎಳದ್ರ ಎಷ್ಟ ಜೀವ ಹೋಗ್ತಾವ ಗೊತ್ತೈತೇನ?” ಎಂದು ಕಾಶಿಬಾಯಿ ಮೆತ್ತನೆಯ ಹುಲ್ಲಿನ ಕಸಬರಿಗೆ ತಾವೇ ಹಿಡಿಯುತ್ತಿದ್ದರು.

ಬಹಳ ಹಗುರ ಅವರ ಕೈ. ಒಂದು ಇರುವೆಗೂ ನೋವಾಗುತ್ತಿರಲಿಲ್ಲ. ಆ ಹಗುರ ಕೈಗೆ ಪುಟ್ಟಿಯ ಧೂಳು ಅಷ್ಟೇ ಹಗುರಾಗಿ ಎದ್ದು, ಕಿಟಕಿಯ ಬಿಸಿಲಲ್ಲಿ ಮಿಣಮಿಣ ತಿರುಗಿ, ಪಡಸಾಲೆಯ ನಡುವೆ ತೂಗುವ ತೊಟ್ಟಿಲ ಕಡೆಗೆ ಹೋಗುತ್ತಿತ್ತು. ಸುಗಂಧಾ ಅದನ್ನು ನೋಡುತ್ತ ನಿಲ್ಲುತ್ತಿದ್ದಳು. ತೊಟ್ಟಿಲಿಗೆ ಸೀರೆ ಹೊದಿಸಿದರೆ, ‘ಕೂಸಿನ ಉಸರ ಕಟ್ಟತೈತಿ’ ಎಂದು ಅತ್ತೆ ತೆಗೆಯುತ್ತಿದ್ದರು. ಅದು ಸುಳ್ಳೂ ಅಲ್ಲ. ತೊಟ್ಟಿಲನ್ನೇ ಬೇರೆ ಕಡೆ ಕಟ್ಟೋಣವೆಂದರೆ ಕೊಂಡಿ ಇರುವುದು ಪಡಸಾಲೆಯ ತೊಲೆಗೆ ಮಾತ್ರ. ಸನ್ಮತಿ ಸಣ್ಣವನಿದ್ದಾಗಲೂ ಅದೇ ಕೊಂಡಿ, ಅವನಪ್ಪ ಸಣ್ಣವರಿದ್ದಾಗಲೂ ಅದೇ.

ಗಂಡನಿಗೆ ಹೇಳಿದಳು. ಅವನು ಆಗಷ್ಟೇ ದ್ರಾಕ್ಷಿಗೆ ಔಷಧ ಹೊಡೆದು ಬಂದು, ಮೂಗಿಗೆ ಕಟ್ಟಿದ ಟಾವೆಲ್ ಬಿಚ್ಚುತ್ತಿದ್ದ.

“ನಿಮ್ಮ ಮೂಗಿಗಿ ಟಾವೆಲ್ ಬೇಕ್ರಿ. ಕೂಸಿನ ಮೂಗು ಮೂಗಲ್ಲೇನು?”

“ಅವ್ವಗ ಹೇಳ್ತೀನಿ ತಗೋ” ಎಂದ ಸನ್ಮತಿ. ಹೇಳಲಿಲ್ಲ. ಹೇಳುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ಆದರೂ ಮೂರು ದಿನ ಕಾದಳು. ಕಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮಾವನದು ಇನ್ನೊಂದು ರಾಗ. ಭಾವುಸಾಹೇಬರಿಗೆ ಧೂಳು ಎಂದರೆ ನಗು. “ಮಣ್ಣಾಗ ಹುಟ್ಟಿ ಮಣ್ಣಾಗ ಬೆಳದ ಮಂದಿ ನಾವು. ನಮಗೇನ ಆಗೇತಿ? ಚೂರ ಧೂಳ ಹೋದ್ರ ಕೂಸ ಗಟ್ಟಿ ಆಗತೈತಿ” ಎನ್ನುವರು. ಹೊಲದ ಮಣ್ಣು ಬೇರೆ, ಈ ಪುಟ್ಟಿಯ ಪುಡಿ ಬೇರೆ ಎಂದು ಸುಗಂಧಾ ಒಮ್ಮೆ ಹೇಳಿ ನೋಡಿದಳು. ಹುಡುಗಿ ಬಿ.ಕಾಂ. ಓದಿದವಳು ಎಂದು ಅವರು ಸತ್ತೆಪ್ಪನಿಗೆ ಕಣ್ಣು ಹೊಡೆದು ನಕ್ಕರು.

ಅಪೂರ್ವಳಿಗೆ ಕೆಮ್ಮು ಶುರುವಾಯಿತು. ಮೊದಲು ಬೆಳಿಗ್ಗೆ ಅಷ್ಟೇ, ಆಮೇಲೆ ಹಾಲು ಕುಡಿಯುವಾಗಲೂ. ಬಾಯಿಗೆ ಮೊಲೆ ಹಿಡಿದು ಎರಡು ಗುಟುಕು ಎಳೆಯುವಷ್ಟರಲ್ಲಿ ಕೆಮ್ಮು ಬಂದು ಬಿಡಿಸಿಬಿಡುವುದು, ಕೂಸು ಸಿಟ್ಟಿಗೆದ್ದು ಮುಖ ಕೆಂಪು ಮಾಡಿಕೊಂಡು ಅಳುವುದು. ಎದೆಯೊಳಗೆ ಗೊರಗೊರ ಸದ್ದು. ಬಂದವರು ತಲೆಗೊಂದು ಮಾತು ಹೇಳಿದರು. ತಾಯಿ ಮೊಸರು ತಿಂದಿರಬೇಕು. ತಲೆಸ್ನಾನ ಮಾಡಿ ಕೂದಲು ಆರಿಸಿಕೊಂಡಿರಲಿಕ್ಕಿಲ್ಲ. ದೃಷ್ಟಿ ಆಗಿದೆ. ಕಾಶಿಬಾಯಿ ಅಕ್ಕರೆಯಿಂದ ಬಜೆ ತೇಯ್ದು ಹಚ್ಚಿದರು, ನೀರು ಎರೆದ ಮೇಲೆ ಲೋಬಾನದ ಹೊಗೆ ಹಿಡಿದರು. ಧೂಳಿನ ಜೊತೆಗೆ ಹೊಗೆಯೂ ಸೇರಿತು. ತಪ್ಪು ಮಾತ್ರ ಸುತ್ತಿ ಸುತ್ತಿ ಸುಗಂಧಾಳ ತಾಟಿಗೇ ಬರುತ್ತಿತ್ತು, ಅವಳು ತಿಂದ ಮೊಸರಿಗೆ, ಅವಳ ಕೂದಲಿಗೆ.

ಕೊನೆಗೆ ಹಟ ಹಿಡಿದು ಗಂಡನನ್ನು ಕರೆದುಕೊಂಡು ಮಿರಜಿಗೆ ಹೋದಳು. ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ಕೂಸಿನ ಬೆನ್ನಿಗೆ ನಳಿಗೆ ಹಚ್ಚಿ ಕೇಳಿ, ಮನೆಯಲ್ಲಿ ಏನು ಕೆಲಸ ನಡೆದಿದೆ ಎಂದೇ ಮೊದಲು ಕೇಳಿದರು. ಸುಗಂಧಾಳಿಗೆ ಅಲ್ಲಿಯೇ ಅಳು ಬರುವಂತಾಯಿತು, ಕೇಳುವವರು ಒಬ್ಬರಾದರೂ ಸಿಕ್ಕರಲ್ಲ ಎಂದು. ಔಷಧ ಬರೆದುಕೊಟ್ಟ ಡಾಕ್ಟರು, ಇದಕ್ಕಿಂತ ದೊಡ್ಡ ಔಷಧ ಮನೆಯ ಧೂಳು ತೆಗೆಯುವುದು, ಒಣ ಕಸಬರಿಗೆ ಮುಟ್ಟಬೇಡಿ, ಹಸಿ ಬಟ್ಟೆಯಲ್ಲೇ ಒರೆಸಿ, ಉಜ್ಜುವ ಕೆಲಸ ನಡೆದಾಗ ಕೂಸನ್ನು ಆ ಮನೆಯಲ್ಲಿ ಇಡಲೇಬೇಡಿ ಎಂದು ಹೇಳಿ ಕಳಿಸಿದರು. ಮನೆಗೆ ಬಂದಾಗ ಕಾಶಿಬಾಯಿ ಬಾಗಿಲಲ್ಲೇ ಕಾಯುತ್ತಿದ್ದರು.

“ಏನಂದ್ರೋ ಸನ್ಮತಿ ಡಾಕ್ಟರು?”

“ಔಷಧ ಕೊಟ್ಟಾರವ್ವಾ” ಎಂದ ಸನ್ಮತಿ.

ಅಷ್ಟೇ! ಅಷ್ಟುದ್ದದ ಮಾತಿನಲ್ಲಿ ಅವನಿಗೆ ನೆನಪಿದ್ದದ್ದು ಅಷ್ಟೇ, ಇಲ್ಲವೆ ಬಾಯಿಂದ ಹೊರಟದ್ದು ಅಷ್ಟೇ. ಸುಗಂಧಾ ಉಳಿದದ್ದನ್ನು ತಾನೇ ಹೇಳಿದಳು. ಕಾಶಿಬಾಯಿ ಪೂರಾ ಕೇಳಿಸಿಕೊಂಡು, ಮರುದಿನ ಬೆಳಿಗ್ಗೆ ಕಸಬರಿಗೆ ಹಿಡಿದು ಬಂದರು. ಡಾಕ್ಟರಿಗೆ ನಮ್ಮ ಧರ್ಮ ಗೊತ್ತಿರುವುದಿಲ್ಲ ಎಂದು ಅವರ ಸಮಾಧಾನ.

ಬಾವಿಯ ನೀರು ಗಾಳಿಸಿ ಬಂದಿದ್ದ ಅವರು ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಹಿಂಡಿದ ಬಟ್ಟೆಯನ್ನು ತೊಟ್ಟಿಲ ಮೇಲಿನ ಅಡ್ಡಗೋಲಿಗೆ ಹರವುತ್ತಿದ್ದರು. ಹಿತ್ತಿಲಲ್ಲಿ ಹಗ್ಗ ಕಟ್ಟಿದ ಜಾಗದಲ್ಲಿ ಸತ್ತೆಪ್ಪ ಫರಸಿ ಒಟ್ಟಿದ್ದ. ನೀರು ಗಾಳಿಸುವ ಬಟ್ಟೆ ಮಡಿಯ ಬಟ್ಟೆ, ಬೇರೆ ಬಟ್ಟೆಗೆ ತಾಗಬಾರದು. ಕೂಸಿಗೆ ಮೈಲಿಗೆ ಇಲ್ಲವಲ್ಲ, ಹಾಗಾಗಿ ತೊಟ್ಟಿಲು ಅದಕ್ಕೆ ತಕ್ಕ ಜಾಗ. ಸುಗಂಧಾ ಆ ಬಟ್ಟೆ ನೋಡಿದಳು, ಕಸಬರಿಗೆ ನೋಡಿದಳು, ಅಷ್ಟು ದಿನ ನುಂಗಿದ್ದೆಲ್ಲ ಬಾಯಿಗೆ ಬಂತು.

“ನೀರ ಗಾಳಸ್ತೀರಿ. ಈ ಗಾಳಿನ ಯಾರ ಗಾಳಸ್ತಾರ್ರಿ ಅತ್ಯಾರ? ಇರಿವಿ ಉಳಸಾಕ ಇಷ್ಟ ಹೆಣಗಾಡ್ತೀರಿ, ನನ್ನ ಕೂಸು ಜೀವಾ ಅಲ್ಲೇನ್ರಿ?”

ಕಾಶಿಬಾಯಿಯ ಕೈ ನಿಂತಿತು. “ನನಗ ಬೇಕಾದ್ದ ಅನ್ನು. ಧರ್ಮಕ್ಕ ಚೇಷ್ಟಿ ಮಾಡಬ್ಯಾಡ” ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು. ಅವರು ಕೂಗಾಡಿದ್ದರೆ ಸುಗಂಧಾಳಿಗೆ ಹಗುರಾಗುತ್ತಿತ್ತು. ಈಗ ಮನೆಯವರೆಲ್ಲರ ಕಣ್ಣಲ್ಲಿ ಅವಳು ಅತ್ತೆಯ ನೇಮಕ್ಕೆ ನಕ್ಕ ಸೊಸೆಯಾಗಿ ಕೂತಳು. ಸನ್ಮತಿಯೂ ಊಟದ ಹೊತ್ತಿಗೆ, “ಅಷ್ಟ ಅನ್ನಬಾರದಿತ್ತು” ಎಂದ. ಎಂದೂ ಯಾರಿಗೂ ಎದುರಾಡದವನಿಗೆ ಆವತ್ತು ಬಾಯಿ ಬಂದಿತ್ತು.

ಅವಳು ಆಗಲೇ ನಿಶ್ಚಯಿಸಿದಳು, ಸದಲಗಾಕ್ಕೆ ಹೋಗುತ್ತೇನೆ. ಐದನೆಯ ತಿಂಗಳಲ್ಲಿ ಬಂದವಳು ಆರನೆಯ ತಿಂಗಳಲ್ಲಿ ತವರಿಗೆ ವಾಪಸ್ಸು ಹೋದರೆ ಊರು ಏನು ಅನ್ನುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೀಗೆ ಸಿಟ್ಟಿನಲ್ಲಿ ಹೊಸ್ತಿಲು ದಾಟಿದರೆ ಮರಳಿ ಬರುವಾಗ ಅದೇ ಹೊಸ್ತಿಲು ಎತ್ತರವಾಗಿರುತ್ತದೆ ಎಂದೂ ಗೊತ್ತಿತ್ತು. ಆದರೆ ಕೂಸಿನ ಎದೆಯ ಗೊರಗೊರ ಕೇಳುತ್ತ ಊರಿನ ಬಾಯಿಗೆ ಹೆದರುತ್ತ ಕೂರುವುದು ಅವಳಿಂದಾಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಬ್ಯಾಗ್ ತುಂಬಿದಳು. ತೋಟದಿಂದ ಸಂಜೆ ಬಂದ ಮೇಲೆ ಬಿಟ್ಟುಬರುತ್ತೇನೆ ಎಂದು ಸನ್ಮತಿ ತಲೆ ತಗ್ಗಿಸಿಕೊಂಡು ಹೋದ.

ಆವತ್ತೇ ಸತ್ತೆಪ್ಪ ಬರಬೇಕೆ! ದೇವರ ಖೋಲಿಯ ಮೇಲ್ಛಾವಣಿಗೆ ಬಳಿದ ಪುಟ್ಟಿ ಒಣಗಿತ್ತು.

“ಇದು ಮಾತ್ರ ಖರೇ ಕಡೀ ಕೈ ನೋಡ್ರಿ ಕಾಕೂ” ಎಂದು ಕಾಶಿಬಾಯಿಗೆ ಹೇಳಿ, ಸ್ಟೂಲ್ ಹತ್ತಿ ಪಾಲಿಶ್ ಪೇಪರ್ ಹಿಡಿದು ಉಜ್ಜತೊಡಗಿದ. ಬಾಗಿಲಿಲ್ಲದ ಚೌಕಟ್ಟಿಗೆ ಸುಗಂಧಾ ಒದ್ದೆ ಮಾಡಿದ ಚಾದರ ಕಟ್ಟಿ, ನಾಲ್ಕೂ ಮೂಲೆಗೆ ಮೊಳೆ ಹೊಡೆದಳು. ಚಾದರ ಸರಿಸಬೇಡಿ ಎಂದು ಮಾವನಿಗೆ, ಸತ್ತೆಪ್ಪನಿಗೆ ಕೈ ಮುಗಿಯುವುದೊಂದು ಬಾಕಿ. ಕೂಸು ತೊಟ್ಟಿಲಿನಲ್ಲಿ ನಿದ್ದೆ ಹೋಯಿತು. ಅವಳು ಹಿತ್ತಿಲಿಗೆ ಹೋಗಿ, ದಾರಿಗೆಂದು ಕೂಸಿನ ಬಟ್ಟೆಗಳನ್ನು ಒಗೆಯುತ್ತ ಕೂತಳು. ಒಗೆದು ಹಿಂಡುವಷ್ಟರಲ್ಲಿ ಕೆಮ್ಮು ಕೇಳಿಸಿತು.

ಓಡಿ ಬಂದಳು. ಬೆಳಕು ಬರಲೆಂದು ಚಾದರವನ್ನು ಮೊಳೆಯಿಂದ ಬಿಡಿಸಿ ಮೇಲಕ್ಕೆ ಎತ್ತಿಕಟ್ಟಿದ್ದರು. ಒಳಗೆ ಭಾವುಸಾಹೇಬರು ಸೊಂಟದ ಮೇಲೆ ಕೈಯಿಟ್ಟು, “ಆ ಮೂಲ್ಯಾಗ ಇನ್ನೊಂಚೂರ ಉಜ್ಜು” ಎಂದು ಹೇಳುತ್ತ ನಿಂತಿದ್ದರು. ಪಡಸಾಲೆಯ ಗಾಳಿ ಬೆಳ್ಳಗಾಗಿತ್ತು. ತೊಟ್ಟಿಲಲ್ಲಿ ಅಪೂರ್ವ ಕೆಮ್ಮಿ ಕೆಮ್ಮಿ ನೀಲಿಗೆ ತಿರುಗುತ್ತಿದ್ದಳು. ಅವಳ ರೆಪ್ಪೆಗೂದಲಿನ ಮೇಲೆ ಬಿಳಿ ಪುಡಿ ಕೂತಿತ್ತು. ಸುಗಂಧಾ ಕೂಸನ್ನು ಎತ್ತಿಕೊಂಡು ಹೊರಬಿದ್ದು, ಎದುರಿನ ಬೇವಿನ ಕಟ್ಟೆಯ ಮೇಲೆ ಬೆನ್ನು ತಟ್ಟುತ್ತ ಕೂತಳು. ಉಸಿರು ತಿಳಿಯಾಗಿ ಕೂಸು ಹೆಗಲಿಗೆ ಒರಗುವವರೆಗೂ ತಟ್ಟುವುದನ್ನು ನಿಲ್ಲಿಸಲಿಲ್ಲ. ಬ್ಯಾಗ್ ತರಲೆಂದು ಅಷ್ಟೇ ಮತ್ತೆ ಒಳಗೆ ಹೋಗುವುದು ಎಂದುಕೊಂಡಳು.

ಹೊತ್ತು ಇಳಿಯುತ್ತ ಬಂತು. ಆ ಮನೆಯಲ್ಲಿ ಸೂರ್ಯ ಮುಳುಗುವುದರೊಳಗೆ ಊಟ, ನೀರು ಎಲ್ಲ ಮುಗಿಯಬೇಕು. ಮುಳುಗಿದ ಮೇಲೆ ಭಾವುಸಾಹೇಬರು ಒಂದು ಗುಟುಕು ನೀರೂ ಮುಟ್ಟುವುದಿಲ್ಲ. ಅವರು ಕೈಕಾಲು ತೊಳೆದು ತಾಟಿನ ಮುಂದೆ ಕೂತರು. ಕಾಶಿಬಾಯಿ ಸಂಜೆಯ ನೀರು ಗಾಳಿಸಲು ತೊಟ್ಟಿಲ ಮೇಲಿನ ಬಟ್ಟೆ ತೆಗೆದುಕೊಂಡು ಹೋದರು. ಬ್ಯಾಗಿಗಾಗಿ ಒಳಗೆ ಬಂದ ಸುಗಂಧಾ, ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲ ಬಳಿ ನಿಂತಿದ್ದಳು, ಹೋಗಿ ಬರುತ್ತೇನೆ ಎನ್ನಬೇಕೋ ಸುಮ್ಮನೆ ಹೋಗಬೇಕೋ ಎಂದು.

ಕಾಶಿಬಾಯಿ ತಂಬಿಗೆಯ ಬಾಯಿಗೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಿಡಿದು ಕೊಡದಿಂದ ನೀರು ಸುರಿದರು. ಬಟ್ಟೆ ಎತ್ತಿ ನೋಡಿದರು. ತಂಬಿಗೆಯಲ್ಲಿ ಅಕ್ಕಿ ತೊಳೆದಂಥ ನೀರು. ಬಾವಿ ಕೆಟ್ಟಿತೇನೋ ಎಂದು ಗಾಬರಿಯಾಗಿ ಕೊಡದೊಳಗೆ ಇಣುಕಿದರು. ಅಲ್ಲಿ ನೀರು ತಿಳಿಯಾಗಿತ್ತು. ಗೂಡಿನಿಂದ ಇನ್ನೊಂದು ಬಟ್ಟೆ ತೆಗೆದು ಬೇರೆ ತಂಬಿಗೆಗೆ ಗಾಳಿಸಿದರು. ತಿಳಿ ನೀರು ಬಂತು. ಮತ್ತೆ ಮೊದಲಿನ ಬಟ್ಟೆಗೆ ಸುರಿದರು. ಮತ್ತೆ ಬೆಳ್ಳಗೆ. ಅವರು ಆ ಬಟ್ಟೆಯನ್ನು ಬೆಳಕಿಗೆ ಹಿಡಿದರು, ಪಡಸಾಲೆಯ ಕಡೆ ತಿರುಗಿ ತೊಟ್ಟಿಲ ಮೇಲಿನ ಅಡ್ಡಗೋಲು ನೋಡಿದರು, ಆಮೇಲೆ ಸುಗಂಧಾಳ ಹೆಗಲ ಮೇಲೆ ಗೊರಗುಡುತ್ತಿದ್ದ ಕೂಸನ್ನು ನೋಡಿದರು. ಜೀವ ಇರುವ ನೀರಾಗಿದ್ದರೆ ಬಾವಿಗೆ ಬಿಡಬಹುದಿತ್ತು. ಈ ನೀರನ್ನು ಎಲ್ಲಿ ಬಿಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

“ನೀರ ತಾ, ಹೊತ್ತ ಮುಳಗತೈತಿ” ಎಂದು ಭಾವುಸಾಹೇಬರು ಕೂಗಿದರು.

ಕಾಶಿಬಾಯಿ ಬಿಳಿ ನೀರಿನ ತಂಬಿಗೆಯನ್ನೇ ತಂದು ಗಂಡನ ತಾಟಿನ ಮುಂದೆ ಇಟ್ಟರು.

“ಕುಡೀರಿ.”

ಅವರು ಎತ್ತಿ ನೋಡಿ ಮುಖ ಹಿಂಡಿದರು. “ಏನ ಇದು? ಇದನ್ನ ಹೆಂಗ ಕುಡೀಲಿ?”

“ಕೂಸ ಕುಡದೈತ್ರಿ. ಮುಂಜಾನಿಂದ ಕುಡದೈತಿ. ಇಷ್ಟ ದಿವ್ಸ ಕುಡದೈತಿ. ನೀವು ಮಣ್ಣಾಗ ಬೆಳದ ಮಂದಿ, ಒಂದ ತಂಬಗಿ ಕುಡೀರಿ.”

ಭಾವುಸಾಹೇಬರು ತಂಬಿಗೆಯನ್ನು ಕೆಳಗಿಟ್ಟರು. ಕಾಶಿಬಾಯಿ ಒದ್ದೆ ಬಟ್ಟೆಯನ್ನು ಅವರ ಕಣ್ಣ ಮುಂದೆ ಹಿಡಿದು, ಅದು ಎಲ್ಲಿ ಆರಹಾಕಿದ್ದ ಬಟ್ಟೆ ಎಂದಷ್ಟೇ ಹೇಳಿದರು. ಅವರು ಅದನ್ನು ನೋಡಿದರು, ಬಾಗಿಲಲ್ಲಿ ನಿಂತ ಸೊಸೆಯನ್ನೂ ಕೂಸನ್ನೂ ನೋಡಲಾರದೆ ತಾಟು ನೋಡಿದರು. ಕಿಟಕಿಯಾಚೆ ಹೊತ್ತು ಮುಳುಗಿತು. ಆ ಸಂಜೆ ಅವರು ತುತ್ತನ್ನೂ ಮುಟ್ಟಲಿಲ್ಲ, ನೀರನ್ನೂ ಮುಟ್ಟಲಿಲ್ಲ.

ಸುಗಂಧಾಳಿಗೆ ಗೆದ್ದೆ ಎನಿಸಬೇಕಿತ್ತು. ಎನಿಸಲಿಲ್ಲ. ಅಳು ಬಂತು, ಬರೀ ಸಿಟ್ಟಿನ ಅಳು. ಇಷ್ಟು ದಿನ ಅವಳು ಬಾಯಿ ಬಿಟ್ಟು ಹೇಳಿದ್ದು, ಮಿರಜಿನ ಡಾಕ್ಟರು ಹೇಳಿದ್ದು, ಕೂಸೇ ಕೆಮ್ಮಿ ಕೆಮ್ಮಿ ಹೇಳಿದ್ದು ಯಾರ ಕಿವಿಗೂ ಹೋಗಿರಲಿಲ್ಲ. ಒಂದು ಮೊಳ ಬಟ್ಟೆ ಹೇಳಿದ್ದನ್ನು ಎಲ್ಲರೂ ಕೇಳಿದರು. ತನ್ನ ಮಾತಿಗಿಂತ ಬಟ್ಟೆಯ ಮಾತಿಗೆ ಬೆಲೆ ಹೆಚ್ಚಾಯಿತಲ್ಲ ಎಂಬ ಸಂಕಟ ಅವಳಿಗೆ.

ಕಾಶಿಬಾಯಿ ಹತ್ತಿರ ಬಂದರು. ಕೂಸಿನ ರೆಪ್ಪೆಯನ್ನು ಸೆರಗಿನ ತುದಿಯಿಂದ ಒರೆಸಿದರು.

“ನೀ ಹೇಳಿದ್ದಿ. ನಾ ಕೇಳಲಿಲ್ಲ” ಎಂದರು. “ಈಗ ಹೋಗು ಸದಲಗಾಕ. ಸಿಟ್ಟಮಾಡಕೊಂಡ ಹೋದ್ಲು ಅಂತ ಯಾರರೆ ಅಂದ್ರ, ನಾನ ಕಳಿಸೇನಿ ಅಂತ ಹೇಳ್ತೀನಿ. ಮನಿ ನಾ ಒರಸ್ತೀನಿ. ಇರಿವಿಗಿ ಹೊರಗ ಸಕ್ಕರಿ ಹಾಕ್ತೀನಿ, ಅವು ಅಲ್ಲೇ ಹೋಗ್ತಾವ, ಒಳಗ ಹಸೀ ಬಟ್ಟಿನ. ತೊಟ್ಟಲ ಮ್ಯಾಲ ದಿನಾ ಈ ಬಟ್ಟಿ ಹಾಕ್ತೀನಿ. ಸಂಜೀಕ ಅದರಾಗ ಗಾಳಿಸಿದ ನೀರ ಇವರ ಮುಂದ ಇಡ್ತೀನಿ. ಇವರು ಅದನ್ನ ಕುಡದ ದಿವ್ಸ ಫೋನ ಮಾಡ್ತೀನಿ. ಆವಾಗ ಬಾ.”

ಸುಗಂಧಾ ಹೂಂ ಎಂದಳು. ತೋಟದಿಂದ ಸನ್ಮತಿ ಬಂದ ಕೂಡಲೇ ಬ್ಯಾಗ್ ಎತ್ತಿಕೊಂಡಳು.

ಸದಲಗಾದಲ್ಲಿ ಕೂಸಿನ ಕೆಮ್ಮು ದಿನದಿಂದ ದಿನಕ್ಕೆ ಇಳಿಯಿತು. ಪೂರಾ ಹಾಲು ಕುಡಿಯತೊಡಗಿತು, ಬೋರಲು ಬಿದ್ದು ಕತ್ತೆತ್ತಿ ನಗತೊಡಗಿತು. ಸಂಜೆಯಾದರೆ ಶೇಡಬಾಳದಿಂದ ಕಾಶಿಬಾಯಿಯ ಫೋನ್ ಬರುತ್ತಿತ್ತು. ಸತ್ತೆಪ್ಪನನ್ನು ಬಿಡಿಸಿ ಕಳಿಸಿದರಂತೆ. ದೇವರ ಖೋಲಿಗೆ ಬಾಗಿಲು ಹಾಕಿಸಿದರಂತೆ. ತೊಲೆಯ ಸಂದು, ಫ್ಯಾನಿನ ಎಲೆ, ಮಾಡಿನ ಮೂಲೆ ಎಲ್ಲ ಹಸಿ ಬಟ್ಟೆಯಲ್ಲಿ ಒರೆಸಿದರಂತೆ. ಯಾರೋ ಬಂದು ಹೊರಬಿದ್ದ ಕೂಡಲೇ ಒರೆಸಿದ್ದಕ್ಕೆ ಓಣಿಯವರು ಮೂಗು ಮುರಿದರಂತೆ. ಕೊನೆಗೆ ಒಂದೇ ಮಾತು: “ಇವತ್ತ ನೀರ ಬೆಳ್ಳಗ ಬಂತವಾ. ಬರಬ್ಯಾಡ.” ಅಪ್ಪ ಅವ್ವ ಮುಖ ಮುಖ ನೋಡಿಕೊಳ್ಳುತ್ತಿದ್ದರು, ಇದೆಂಥ ಫೋನು ಎಂದು.

ಹೀಗೇ ದಿನ ಹೋಗುತ್ತಿರಲು ಒಂದು ಸಂಜೆ ಫೋನಿನಲ್ಲಿ ಬೇರೆ ದನಿ ಬಂತು. ಭಾವುಸಾಹೇಬರು. ಅವರು ಸೊಸೆಗೆ ತಾವಾಗಿ ಫೋನ್ ಮಾಡಿದ್ದು ಅದೇ ಮೊದಲು.

“ಸುಗಂಧಾ, ನೀರ ಕುಡದೆ. ತಂಬಗಿ ತುಂಬ ಕುಡದೆ. ತಿಳೀ ಐತಿ. ಕೂಸನ್ನ ಕರಕೊಂಡ ಬಾವಾ.”

ಸುಗಂಧಾ ತೊಡೆಯ ಮೇಲೆ ನಿದ್ದೆಹೋದ ಅಪೂರ್ವಳ ಎದೆಗೆ ಕಿವಿ ಇಟ್ಟಳು. ಉಸಿರು ಸದ್ದಿಲ್ಲದೆ ಬಂದು ಹೋಗುತ್ತಿತ್ತು. ಫೋನನ್ನು ಮತ್ತೆ ಕಿವಿಗೆ ಹಚ್ಚಿದಳು.

“ನಾಳೆ ಇನ್ನೊಮ್ಮಿ ಕುಡೀರಿ ಮಾವಾರ” ಎಂದಳು. “ಆಮ್ಯಾಲ ಬರ್ತೀನಿ.”